ಹುಳು ಮನೆಯಲ್ಲಿಟ್ಟ ಸರ್ವರ್

ನಮ್ಮ ಯಜಮಾನರು ಅನಂತರಾಜು ಮದುವೆ ವಿಡಿಯೊ ತೆಗೆಯುವುದರಲ್ಲಿ ಕುದೂರು ಹೋಬಳಿಗೇ ಎತ್ತಿದ ಕೈ. ಅವರು ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಸಿ.ಡಿ. ಮಾಡಿ ಕೊಡುವವಳು ನಾನು, ರಾಧಾಮಣಿ. ನಮ್ಮ ಸ್ಟುಡಿಯೊದ ಬೋರ್ಡಿನ ಮೇಲೆ ಅವರ ಹೆಸರು ಮಾತ್ರ ಇದೆ. ಇರಲಿ, ಗಂಡನ ಹೆಸರಿನ ಮೇಲೆ ನನಗೇನು ಹೊಟ್ಟೆಕಿಚ್ಚಿಲ್ಲ. ಆದರೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು ನಾನು, ಅವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಮದುವೆ ಸಿ.ಡಿ.ಗೆ ಒಂದು ಪದ್ಧತಿಯಿದೆ. ಧಾರೆಗೊಂದು, ಊಟದ ಪಂಕ್ತಿಗೊಂದು, ಹೆಣ್ಣು ಒಪ್ಪಿಸುವುದಕ್ಕೆ ಅಳು ಬರಿಸುವಂಥದ್ದೊಂದು, ಹೀಗೆ ಉದ್ದಕ್ಕೂ ಸಿನಿಮಾ ಹಾಡು ಹಾಕಬೇಕು. ಹಾಕದಿದ್ದರೆ ಗಿರಾಕಿ ಮುಖ ಊದಿಸಿಕೊಳ್ಳುತ್ತಾನೆ. ಹಾಡು ಹಾಕಿದಾಗ ಮದುವೆ ಮನೆಯ ಅಸಲಿ ಸದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಕ್ಯಾಮೆರಾದ ಕ್ಯಾಸೆಟ್ಟನ್ನೂ ಅಳಿಸಿ ಮುಂದಿನ ಮುಹೂರ್ತಕ್ಕೆ ಬಳಸುತ್ತಾರೆ. ನಾವೂ ಹಾಗೇ ಮಾಡುತ್ತಿದ್ದೆವು.

ಹಾಗೆ ಅಳಿಸಿಹೋಗುತ್ತಿದ್ದ ಸದ್ದಿನಲ್ಲಿ ನಮ್ಮ ಅತ್ತೆ ಕೆಂಚಮ್ಮನವರ ಸೋಬಾನೆಯೂ ಇರುತ್ತಿತ್ತು. ಅತ್ತೆ ಅಂತಿಂಥ ಹಾಡುಗಾರ್ತಿಯಲ್ಲ. ಎಲೆ ಅಡಿಕೆ ಕೊಟ್ಟು ಕರೆಯದಿದ್ದರೆ ತಂಗಿಯ ಮನೆ ಮದುವೆಗೂ ಬಾಯಿ ಬಿಡುತ್ತಿರಲಿಲ್ಲ. ಕರೆದರೆ ಹಸೆಯ ಪಕ್ಕ ಕೂತು, ಸೆರಗು ಸರಿಮಾಡಿಕೊಂಡು, ಇಡೀ ಚಪ್ಪರ ಸುಮ್ಮನಾಗುವ ತನಕ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಆಮೇಲೆ ದನಿ ಎತ್ತಿದರೆ ಅಡುಗೆ ಭಟ್ಟರೂ ಸೌಟು ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ಹೋದ ವರ್ಷ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಈಗ ಮಾತಾಡಿದರೆ ಒಣ ಸೋಗೆ ಎಳೆದ ಹಾಗೆ ಕೇಳಿಸುತ್ತದೆ. ಮಂಡಿನೋವು ಎಂದು ನೆಪ ಹೇಳಿ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. ಅವರ ಎದುರು ಸೋಬಾನೆ ಎಂಬ ಮಾತೆತ್ತುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಒಂದು ದಿನ ಹಳೆಯ ಕ್ಯಾಸೆಟ್ಟೊಂದನ್ನು ಅಳಿಸುವ ಮೊದಲು ಹೆಡ್‌ಫೋನ್ ಹಾಕಿಕೊಂಡು ನೋಡುತ್ತಿದ್ದೆ. ಕಿವಿಯೊಳಗೆ ಅತ್ತೆ ಹಾಡತೊಡಗಿದರು, ಆಪರೇಷನ್‌ಗೆ ಮುಂಚಿನ ಆ ತುಂಬು ದನಿಯಲ್ಲಿ. ಅತ್ತೆಗೂ ನನಗೂ ದಿನಕ್ಕೆರಡು ಸಲ ಎಣ್ಣೆ ಸೀಗೆಕಾಯಿ, ಆದರೂ ಅವತ್ತು ಗಳಗಳನೆ ಅತ್ತುಬಿಟ್ಟೆ. ಇನ್ನು ಈ ಮನೆಯಲ್ಲಿ ಒಂದು ಕ್ಯಾಸೆಟ್ಟೂ ಅಳಿಯಕೂಡದು ಎಂದು ಯಜಮಾನರಿಗೆ ಹೇಳಿದೆ. ನಾದಿನಿ ಶ್ವೇತಾಳ ಮದುವೆ ಮಾಘಕ್ಕೆ ಗೊತ್ತಾಗಿತ್ತು. ಅಷ್ಟರೊಳಗೆ ಅತ್ತೆಯ ಪದಗಳನ್ನೆಲ್ಲ ಒಂದು ಕಡೆ ಸೇರಿಸಬೇಕು ಎಂದು ಹಟ ಹಿಡಿದೆ.

ಎಲ್ಲಿ ಸೇರಿಸುವುದು? ಮೇಜಿನ ಮೇಲೆ ಬಿದ್ದಿದ್ದ ಹಾರ್ಡ್ ಡಿಸ್ಕುಗಳಲ್ಲಿ ಒಂದು ಆಗಲೇ ಸುಟ್ಟಿತ್ತು. ನಮ್ಮೂರಿನಲ್ಲಿ ತ್ರೀ ಫೇಸ್ ಕರೆಂಟು ಇರುವುದು ಸ್ವಲ್ಪ ಹೊತ್ತು. ಮಿಕ್ಕ ಹೊತ್ತಿನಲ್ಲಿ ಎಲ್ಲರೂ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಪಂಪು ಓಡಿಸುತ್ತಾರೆ. ಆಗ ಮನೆಯ ಬಲ್ಬಿನಲ್ಲಿ ತಂತಿ ಮಾತ್ರ ಕೆಂಪಗೆ ಕಾಣುತ್ತದೆ. ಪಂಪು ನಿಲ್ಲಿಸಿದ ಕೂಡಲೇ ವೋಲ್ಟೇಜು ನೆಗೆಯುತ್ತದೆ. ಹೀಗಾಗಿ ಕಡಿಮೆ ಕರೆಂಟು ತಿನ್ನುವ, ಬ್ಯಾಟರಿಯಿಂದಲೇ ನಡೆಯುವ ಒಂದು ಪುಟ್ಟ ಸರ್ವರನ್ನು ಮನೆಯಲ್ಲೇ ಕಟ್ಟುವುದೆಂದು ತೀರ್ಮಾನಿಸಿ ರಾಮನಗರದ ಶುಕೂರ್ ಸಾಹೇಬರ ಕಂಪ್ಯೂಟರ್ ಅಂಗಡಿಗೆ ಹೋದೆವು.

"ಸರ್ವರ್ ಅಂದ್ರೆ ಇದು ನೋಡಿ ಮೇಡಂ," ಎಂದು ಶುಕೂರ್ ಸೊಂಟದೆತ್ತರದ ಕ್ಯಾಬಿನೆಟ್ಟು ತೋರಿಸಿದರು. ನಾಲ್ಕು ಫ್ಯಾನು, ಮುಂದೆ ನೀಲಿ ದೀಪ. ನಮ್ಮ ಯಜಮಾನರ ಕಣ್ಣು ಅಲ್ಲೇ ಅಂಟಿಕೊಂಡಿತು.

"ಇದು ಬೇಡ. ನನಗೆ ಓಡೋ ಕುದುರೆ ಬೇಕಾಗಿಲ್ಲ, ಕಾವಲು ಕೂರೋ ನಾಯಿ ಸಾಕು," ಎಂದೆ. "ಆಟಂ ಪ್ರೊಸೆಸರ್ ಬೆಸುಗೆ ಹಾಕಿರೋ ಸಣ್ಣ ಬೋರ್ಡ್ ಬಂದೈತಲ್ಲ, ಅದು ಕೊಡಿ. ಜತೆಗೆ ಹನ್ನೆರಡು ವೋಲ್ಟಲ್ಲಿ ನಡೆಯೋ ಪವರ್ ಸಪ್ಲೈ ತರಿಸ್ಕೊಡಿ. ನೇರ ಬ್ಯಾಟರಿಗೆ ಕೊಡ್ತೀನಿ."

"ಬ್ಯಾಟರಿಗೆ ಸರ್ವರ್ರಾ?" ಎಂದು ಶುಕೂರ್ ನಕ್ಕರು. ನಾನು ಒಂದೊಂದು ಭಾಗಕ್ಕೂ ಎಷ್ಟು ವ್ಯಾಟು ಬೇಕೆಂದು ಕೂಡಿಸಿ ಹೇಳಿದೆ. ಎಲ್ಲ ಸೇರಿದರೂ ಒಂದು ನಲವತ್ತರ ಬಲ್ಬು ಉರಿದಷ್ಟೇ ಖರ್ಚು. ಆಮೇಲೆ ಅವರು ನಗಲಿಲ್ಲ, ಟೀ ತರಿಸಿದರು.

ಆ ಬೋರ್ಡು ಕೂರುವ ಪುಟ್ಟ ಪೆಟ್ಟಿಗೆಯನ್ನು ನೋಡಿ ಯಜಮಾನರಿಗೆ ಅಳುವೇ ಬಂತು. "ಇದೇನಮ್ಮಿ, ಟಿಫನ್ ಡಬ್ಬಿ ಇದ್ದಂಗೈತೆ. ನಾಕ್ ಜನ ನೋಡ್ದೋರು ಏನಂದಾರು?"

"ನಾಕ್ ಜನಕ್ಕೆ ಟಿಫನ್ ಅಂತ್ಲೇ ಹೇಳಿ," ಎಂದೆ. ಡಿಸ್ಕಿನ ವಿಷಯದಲ್ಲಿ ಮತ್ತೆ ಜಗಳವಾಯಿತು. ಎರಡು ಬೇಕು, ಎರಡರಲ್ಲೂ ಅದೇ ತುಂಬಬೇಕು, ಎರಡೂ ಬೇರೆ ಬೇರೆ ಕಂಪನಿಯದಾಗಿರಬೇಕು ಎಂದು ನಾನು ಪಟ್ಟು ಹಿಡಿದೆ. ಒಂದೇ ಕಂಪನಿಯ ಒಂದೇ ಬ್ಯಾಚಿನವು ಕೆಟ್ಟರೆ ಒಟ್ಟಿಗೇ ಕೆಡುತ್ತವೆ.

"ಅದರಾಗಿರೋದೇ ಇದರಾಗೂ ಇರೋದಾದ್ರೆ ಎರಡ್ಯಾಕೆ? ಒಂದ್ ಕುತ್ಗೆಗೆ ಎರಡ್ ತಾಳಿ ಕಟ್ತಾರಾ?" ಎಂದರು ಯಜಮಾನರು.

"ತಾಳಿ ಕಟ್ಟೋರು ಇಂಗೇ ವಾದ ಮಾಡ್ತಾ ಕೂತ್ರೆ ಎರಡು ಕಟ್ಟುಸ್ಕೊಳ್ಳೋದೇ ವಾಸಿ," ಎಂದೆ. ಶುಕೂರ್ ಸಾಹೇಬರು ಒಳಗೆ ಹೋಗಿ ಎರಡು ಡಿಸ್ಕು ತಂದರು.

ಕಟ್ಟಿದ ಮೇಲೆ ಇಡುವುದಕ್ಕೆ ಜಾಗ ಬೇಕಿತ್ತು. ಸ್ಟುಡಿಯೊ ಕೋಣೆಗೆ ಶೀಟಿನ ಸೂರು, ಬೇಸಿಗೆಯಲ್ಲಿ ಕಾವಲಿಯ ಹಾಗೆ ಕಾಯುತ್ತದೆ. ತಣ್ಣಗೆ, ಧೂಳಿಲ್ಲದೆ, ಇಲಿ ನುಗ್ಗದಂತೆ ಇರುವುದು ಅತ್ತೆಯ ರೇಷ್ಮೆ ಹುಳು ಮನೆಯೊಂದೇ. ಅದರ ಮುಂದಿನ ಚಿಕ್ಕ ಕೋಣೆಯಲ್ಲಿ ಮೂಲೆ ಕೇಳಿದೆ. ಕಾಲು ತೊಳೆಯದೆ ದೇವರನ್ನೂ ಒಳಗೆ ಬಿಡದ ಹೆಂಗಸು ಪೆಟ್ಟಿಗೆಯನ್ನು ಮೂಸಿ ನೋಡಿದರು.

"ವಾಸ್ನೆ ಇಲ್ಲ, ಸದ್ದಿಲ್ಲ. ಮಡಿಕ್ಕೊ. ಆದ್ರೆ ಉಳು ಮನೇಲಿರೋದೆಲ್ಲ ಉಳು ಮನೆ ಲೆಕ್ಕವೇ, ತಿಳ್ಕೊ," ಎಂದರು. ನಾನು ತಲೆಯಾಡಿಸಿದೆ. ಆ ಮಾತಿನ ತೂಕ ಆಗ ಗೊತ್ತಾಗಲಿಲ್ಲ.

ಅಲ್ಲಿಂದ ಸ್ಟುಡಿಯೊಗೆ ವೈರು ಎಳೆದೆ. ಇನ್ನೂ ಅಳಿಸದೆ ಉಳಿದಿದ್ದ ಕ್ಯಾಸೆಟ್ಟುಗಳನ್ನು ಸುತ್ತಲಿನ ವಿಡಿಯೊದವರಿಂದಲೂ ಬೇಡಿ ತಂದು, ಅತ್ತೆಯ ಪದಗಳನ್ನು ಒಂದೊಂದಾಗಿ ಹೆಕ್ಕಿ ತುಂಬಿದೆ. ಹಸೆಗೆ ಕರೆಯುವ ಪದ, ಅರಿಶಿನ ಹಚ್ಚುವ ಪದ, ಬೀಗರನ್ನು ಜರಿಯುವ ಪದ. ಇನ್ನು ಪೆಟ್ಟಿಗೆಯಲ್ಲಿವೆಯಲ್ಲ ಎಂದು ಕೆಲಸ ಮುಗಿಸಿ ಹಿಂದಿರುಗಿಸಿದ ಕ್ಯಾಸೆಟ್ಟುಗಳನ್ನು ಅವರೂ, ನಮ್ಮವನ್ನು ಯಜಮಾನರೂ ಅಳಿಸಿ ಮತ್ತೆ ಶೂಟಿಂಗಿಗೆ ತೆಗೆದುಕೊಂಡು ಹೋದರು. ಮಧ್ಯೆ ಒಂದು ದಿನ ಕರೆಂಟು ಹೋಗಿ ಮನೆಯ ಫ್ಯಾನು, ಟಿ.ವಿ., ಮಿಕ್ಸಿ ಎಲ್ಲ ನಿಂತರೂ ಪೆಟ್ಟಿಗೆಯ ಹಸಿರು ದೀಪ ಮಾತ್ರ ಮಿಟುಕುತ್ತಲೇ ಇತ್ತು. ಅವತ್ತು ನನಗೆ ಬಂದ ಜಂಬವನ್ನು ಇಡಲು ಮನೆಯಲ್ಲಿ ಜಾಗ ಸಾಲಲಿಲ್ಲ. ಅತ್ತೆಗೆ ಮಾತ್ರ ಏನೂ ಹೇಳಿರಲಿಲ್ಲ. ಹೇಳಿದರೆ ಮನಸ್ಸು ಮುರಿದುಕೊಂಡು ಎಲ್ಲವನ್ನೂ ಅಳಿಸು ಎಂದುಬಿಟ್ಟರೆ ಎಂಬ ಭಯವಿತ್ತು.

ಪುಷ್ಯದಲ್ಲಿ ಚನ್ನಪಟ್ಟಣಕ್ಕೆ, ತವರಿಗೆ ಹೋಗಿ ಬಂದೆ. ಬಾಗಿಲಲ್ಲೇ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯಿತು. ರೇಷ್ಮೆ ಗೂಡು ಮಾರಾಟಕ್ಕೆ ಹೋಗಿತ್ತು, ಮುಂದಿನ ಬೆಳೆಗೆ ಮುಂಚೆ ಅತ್ತೆ ಹುಳು ಮನೆಗೆ ಔಷಧಿ ಹೊಡೆದಿದ್ದರು. ಹುಳು ಮೇಯುವ ತಟ್ಟೆ, ಗೂಡು ಕಟ್ಟುವ ಚಂದ್ರಿಕೆ, ಗೋಡೆ, ಸೂರು, ಒಂದನ್ನೂ ಬಿಟ್ಟಿರಲಿಲ್ಲ. ಒಂದನ್ನು ಬಿಟ್ಟರೂ ರೋಗ ಅಲ್ಲೇ ಅವಿತು ಕೂತು ಮುಂದಿನ ಬೆಳೆಯನ್ನು ತಿನ್ನುತ್ತದೆ. ಅತ್ತೆಯ ಬೆಳೆ ಒಮ್ಮೆಯೂ ಕೆಡದಿರುವುದಕ್ಕೆ ಕಾರಣವೇ ಅದು.

"ನಿನ್ ಪೆಟ್ಗೇಗೂ ಒಡ್ದಿವ್ನಿ ಕಣವ್ವ," ಎಂದರು ಹೆಮ್ಮೆಯಿಂದ. "ವೈರ್ ಕಿತ್ತು, ಮುಚ್ಳ ಬಿಚ್ಚಿ, ಒಳೀಕೂ ಒಡ್ದಿವ್ನಿ. ಒಂದ್ ಸಂದೀನೂ ಬುಟ್ಟಿಲ್ಲ."

ಓಡಿದೆ. ಪೆಟ್ಟಿಗೆಯ ತುಂಬ ಬಿಳಿ ಪುಡಿ ಕಟ್ಟಿತ್ತು. ಬೋರ್ಡಿನ ಮೇಲೆ ಹಸಿರು ಕಿಲುಬು ಏರಿತ್ತು. ನನಗೆ ತಡೆಯಲಾಗಲಿಲ್ಲ, ಬಾಯಿಗೆ ಬಂದದ್ದನ್ನು ಕೂಗಿಬಿಟ್ಟೆ.

"ಅದರೊಳ್ಗೆ ನೀವಿದ್ರಿ ಕಣತ್ತೆ! ನಿಮ್ ಸೋಬಾನೆ ಪದಗಳೆಲ್ಲ ಅದರಲ್ಲೇ ಇದ್ದೋ. ಬೇರೆ ಎಲ್ಲೂ ಇಲ್ಲ!"

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮೆಲ್ಲಗೆ ಜಗಲಿಗೆ ಹೋಗಿ ಕೂತು, "ಓಗ್ಲಿ ಬುಡು. ಓಗೋದು ಓಗೇ ಓಯ್ತದೆ," ಎಂದರು. ಕೈ ಮಾತ್ರ ಕುತ್ತಿಗೆಯ ಗಾಯದ ಗುರುತಿನ ಮೇಲಿತ್ತು. ಅವರಿಂದ ಅಂಥ ಸೋತ ಮಾತನ್ನು ನಾನು ಕೇಳಿರಲೇ ಇಲ್ಲ.

ಎರಡೂ ಡಿಸ್ಕು ಬಿಚ್ಚಿ, ಒರೆಸಿ, ಅಕ್ಕಿ ಡಬ್ಬದೊಳಗೆ ಬಟ್ಟೆ ಹಾಸಿ ಒಣಗಲು ಇಟ್ಟೆ. ಒಣಗಿದ ಮೇಲೆ, ಮುಚ್ಚಳದ ಕಡೆಗಿದ್ದ ಮೊದಲನೆಯದನ್ನು ಸ್ಟುಡಿಯೊ ಕಂಪ್ಯೂಟರಿಗೆ ಹಾಕಿದಾಗ ಟಿಕ್ ಟಿಕ್ ಎಂದು ಸತ್ತಿತು. ಎರಡನೆಯದರ ಸರ್ಕ್ಯೂಟು ಒಳಮುಖವಾಗಿ ಮಡಚಿ ಕೂತಿರುವ ಜಾತಿ, ಔಷಧಿ ಅದಕ್ಕೆ ಮುಟ್ಟಿರಲಿಲ್ಲ. ವೈರು ಚುಚ್ಚಿದೆ. ಪರದೆಯ ಮೇಲೆ ಹೆಸರುಗಳು ಸಾಲಾಗಿ ಬಂದವು. ಹಸೆಗೆ ಕರೆಯುವ ಪದದ ಮೇಲೆ ಒತ್ತಿ ಸ್ಪೀಕರು ಜೋರು ಮಾಡಿದೆ.

ಜಗಲಿಯಿಂದ ಅತ್ತೆ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಪದ ಮುಗಿಯುವ ತನಕ ಕದಲಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅಲ್ಲೊಂದ್ ಕಡೆ ಉಸ್ರು ಕಡಿಮೆ ಆಗೈತೆ," ಎಂದರು ಕೊನೆಗೆ. "ಅದೊಂದ್ ಬುಟ್ರೆ ಚೆನ್ನಾಗಿ ಏಳಿವ್ನಿ."

ಮರುದಿನದಿಂದ ನಮ್ಮ ಮನೆ ಪಾಠಶಾಲೆಯಾಯಿತು. ಕೇರಿಯ ಹೆಣ್ಣುಮಕ್ಕಳನ್ನೆಲ್ಲ ಕರೆಸಿ ಕೂರಿಸಿ, ಒಂದು ಸಾಲು ಹಾಕು, ನಿಲ್ಲಿಸು, ಮತ್ತೆ ಹಾಕು ಎಂದು ನನ್ನ ಪ್ರಾಣ ತಿಂದರು. ಯಾರಾದರೂ ತಪ್ಪಿದರೆ ಆ ಒಡಕು ದನಿಯಲ್ಲೇ ಗದರುತ್ತಿದ್ದರು. ನಾನು ಹೊಸ ಬೋರ್ಡು, ಹೊಸ ಜೊತೆ ಡಿಸ್ಕು ಹಾಕಿ ಪೆಟ್ಟಿಗೆಯನ್ನು ಮತ್ತೆ ಕಟ್ಟಿ, ಈ ಸಲ ಇಲಿ ನುಗ್ಗದಂತೆ ಜಾಲರಿ ಹೊಡೆದು ಅಡುಗೆಮನೆಯ ಅಟ್ಟದ ತಣ್ಣನೆ ಮೂಲೆಗೆ ಏರಿಸಿದೆ.

ಮಾಘದಲ್ಲಿ ಶ್ವೇತಾಳ ಮದುವೆ ನಡೆಯಿತು. ಗಂಡಿನವರು ಬಿಡದಿಯ ಕಡೆಯವರು, ಹುಡುಗನಿಗೆ ಅಲ್ಲೇ ಕಾರ್ಖಾನೆಯಲ್ಲಿ ಕೆಲಸ. ಹಸೆಗೆ ಕರೆಯುವ ಹೊತ್ತಿಗೆ ನಮ್ಮ ಕೇರಿಯ ಹೆಣ್ಣುಮಕ್ಕಳು ಒಂದೇ ದನಿಯಲ್ಲಿ ಪದ ಎತ್ತಿದರು. ಚಪ್ಪರ ತೆಪ್ಪಗಾಯಿತು. ಯಜಮಾನರು ಕ್ಯಾಮೆರಾ ಹಿಡಿದು ಹತ್ತಿರ ಸರಿದು, ಈ ಸಲ ಇದರ ಮೇಲೆ ಸಿನಿಮಾ ಹಾಡು ಹಾಕುವುದಿಲ್ಲ ಎಂದು ನನಗೆ ಕೈಸನ್ನೆ ಮಾಡಿದರು.

ಪದ ಮುಗಿದ ಮೇಲೆ ಬೀಗಿತ್ತಿ ಕಾವೇರಮ್ಮ ಬೇಕೆಂದೇ ಕೆಣಕಿದರು. "ಏನ್ ಕೆಂಚಕ್ಕ, ಮಗ್ಳು ಮದ್ವೇಲಿ ನೀನೇ ಬಾಯ್ ಬುಡ್ನಿಲ್ವಲ್ಲ? ಗಂಟ್ಲು ಎಲ್ಗೋಯ್ತು?"

ಅತ್ತೆ ಸೆರಗು ಸರಿಮಾಡಿಕೊಂಡರು. ಎಲ್ಲರೂ ಸುಮ್ಮನಾಗುವ ತನಕ ಒಬ್ಬೊಬ್ಬರ ಮುಖ ನೋಡಿದರು. ಆಮೇಲೆ ನನ್ನ ಮೊಣಕೈ ಹಿಡಿದು ಮುಂದಕ್ಕೆ ಎಳೆದುಕೊಂಡರು.

"ಎಲ್ಗೋದಾತು? ನನ್ ಸೊಸೆ ತಾವ ಐತೆ," ಎಂದರು. "ನಿನ್ದು ಯಾರ್ ತಾವ ಐತೆ, ಏಳು."