ಅಟ್ಟಣಿಗೆಯ ಕೈಗಳು

ಡಿಸೆಂಬರಿನ ಚಳಿಗೆ ಪ್ರಾರ್ಥನಾಮಂದಿರದ ಒಳಗೂ ಬಾಯಿಂದ ಹೊಗೆ ಬರುತ್ತಿತ್ತು. ಅಲ್ಲಿ ಒಲೆ ಹಾಕುವ ರೂಢಿಯಿಲ್ಲ. ಧಣಿಗಳ ಕಾಲಡಿಗೆ ಕೆಂಡದ ಪೆಟ್ಟಿಗೆ ಇಡುವುದು, ಆರಿದರೆ ಪಕ್ಕದ ಮನೆಯಿಂದ ಮತ್ತೆ ಕೆಂಡ ತರುವುದು ನಮ್ಮ ಕೆಲಸ. ಆಮೇಲೆ ನಾವು ಗುಲಾಮರು ಅಟ್ಟಣಿಗೆ ಹತ್ತಿ, ಗಾಳಿ ನುಗ್ಗುವ ಕಡೆ ಕೂರಬೇಕು.

ಅಂದು ಊರಸಭೆ. ಲಂಡನ್ನಿನ ದೊರೆ ಹೇರಿದ ತೆರಿಗೆಯನ್ನು ವಿರೋಧಿಸಿ ಬೋಸ್ಟನ್ನಿನಿಂದ ಬಂದ ಪತ್ರಕ್ಕೆ ನಮ್ಮೂರಿನ ಉತ್ತರವನ್ನು ನನ್ನ ಧಣಿ ಓಜಿಯಸ್ ಕ್ರೇನ್ ಬರೆದಿದ್ದ. ಅಚ್ಚು ಹಾಕಿಸಿ ಸುತ್ತಲ ಊರಿಗೆಲ್ಲ ಕಳಿಸುವ ಖರ್ಚು ತನ್ನದೇ ಎಂದಾಗ ಜನ ತಲೆದೂಗಿದರು. ಆ ದುಡ್ಡು ಎಲ್ಲಿಯದೆಂದು ಅಟ್ಟಣಿಗೆಗೆ ಗೊತ್ತಿತ್ತು. ಅಡುಗೆಯ ಕೆಟೂರಾಳ ಮಗಳು ಜೆಮೈಮಾಳನ್ನು ಅವನು ಹಡಗಿನ ವ್ಯಾಪಾರಿಯೊಬ್ಬನಿಗೆ ಮಾರಿದ್ದ. ಮರುದಿನವೇ ಕರೆದೊಯ್ಯಲು ಬರುವವರಿದ್ದರು.

ಕ್ರೇನ್ ಓದಿದ. "ನಮ್ಮನ್ನು ಒಂದು ಮಾತೂ ಕೇಳದೆ ನಮ್ಮದನ್ನು ಕಿತ್ತುಕೊಳ್ಳುವ ಲಂಡನ್ನಿನ ದೊರೆಗೆ ನಾವೇನು ಗುಲಾಮರೇ?" ಓದುತ್ತಲೇ ಕಣ್ಣು ಒರೆಸಿಕೊಂಡ.

"ಒಪ್ಪಿದವರು ಕೈ ಎತ್ತಿ," ಎಂದ ಅಧ್ಯಕ್ಷ.

ಕೆಳಗೆ ಕೈಗಳೆದ್ದವು. ನನ್ನ ಪಕ್ಕದಲ್ಲಿ ಕೆಟೂರಾಳ ಕೈಯೂ ಎದ್ದಿತು.

"ಏಯ್, ಕೈ ಇಳಿಸೇ. ನಿನ್ನನ್ಯಾರು ಕೇಳಿದ್ರು?" ಎಂದ ಕ್ರೇನ್.

"ಯಾರೂ ಕೇಳಿಲ್ಲ, ಧಣಿ. ಮಗಳನ್ನ ಮಾರುವಾಗ್ಲೂ ಕೇಳ್ಲಿಲ್ಲ. ಕೇಳ್ದೆ ಕಿತ್ಕೊಳ್ಳೋದು ಅನ್ಯಾಯ ಅಂತ ಈಗ ನೀವೇ ಓದಿದ್ರಲ್ಲ. ನಂಗೂ ಒಪ್ಪಿಗೆ."

"ನಿಮ್ಮ ಕಾಗದ ಅಟ್ಟದವರೆಗೂ ಮುಟ್ತು ಬಿಡಿ, ಕ್ರೇನ್," ಎಂದು ಯಾರೋ ಕುಹಕವಾಡಿದರು. ಕೆಳಗೆ ನಗು ಎದ್ದಿತು.

ಆ ನಗು ಕೇಳಿ ನನಗೆ ಮೈ ಉರಿಯಿತು. ನಾನೂ ಕೈ ಎತ್ತಿದೆ. ಆಮೇಲೆ ಮುದುಕ ಸೀಸರ್, ಆಮೇಲೆ ಆ ಸಾಲಿನವರೆಲ್ಲ.

"ಮೇಲಿನ ಕೈ ಲೆಕ್ಕಕ್ಕಿಲ್ಲ. ಸರ್ವಾನುಮತ ಅಂತ ಬರ್ಕೊಳ್ಳಿ," ಎಂದ ಅಧ್ಯಕ್ಷ.

ಕ್ರೇನ್ ಕಾಲು ಕುಟ್ಟಿದ. "ಕೆಂಡ ಆರಿದೆ, ಇಳಿದು ಬರ್ರೋ." ನಾವು ಕೈ ಇಳಿಸಲಿಲ್ಲ.

ಸಂಜೆ ನಮಗೆ ಬೆತ್ತದ ಏಟು ಬಿತ್ತು. ಮರುದಿನ ಜೆಮೈಮಾಳನ್ನು ಗಾಡಿ ಹತ್ತಿಸಿದರು. ಕೆಟೂರಾ ತನ್ನ ಶಾಲನ್ನು ಮಗಳಿಗೆ ಸುತ್ತಿ, ಗಾಡಿ ಮರೆಯಾಗುವವರೆಗೆ ನಿಂತಿದ್ದು, ಒಳಗೆ ಹೋಗಿ ಕ್ರೇನನಿಗೆ ಮೆಕ್ಕೆಜೋಳದ ಗಂಜಿ ಬೇಯಿಸಿದಳು. ಅವನು ಅದನ್ನು ಚಪ್ಪರಿಸಿ ಉಂಡ. ಥೂ, ಅದೂ ಒಂದು ಬಾಯೇ?

ಪತ್ರ ಅಚ್ಚಾಯಿತು. ಊರೂರಿಗೆ ಒಯ್ಯುವ ಕೆಲಸ ನನ್ನ ತಲೆಗೇ ಬಿತ್ತು. ಹೋದಲ್ಲೆಲ್ಲ ಪತ್ರವನ್ನು ಮುಂಬಾಗಿಲಲ್ಲಿ ಕೊಟ್ಟೆ. ಕೆಟೂರಾಳ ಮಾತನ್ನು ಹಿತ್ತಲ ಬಾಗಿಲಲ್ಲಿ ಹೇಳಿದೆ.

"ಅವಳೇ ಮೊದ್ಲು ಎತ್ತಿದ್ಳಾ?" ಎಂದು ಪಕ್ಕದೂರಿನ ಅಡುಗೆಯವಳು ಕೇಳಿದಳು.

"ಹೂಂ ಕಣಕ್ಕ. ಹೊಡೆದ್ರೂ ತಪ್ಪಾಯ್ತು ಅನ್ಲಿಲ್ಲ."

ಹಿಮ ಸುರಿದು ನಾನು ಅಲ್ಲೇ ಉಳಿಯಬೇಕಾಯಿತು. ಅವರ ಸಭೆಯಲ್ಲೂ ಪತ್ರ ಓದಿದರು, ಅಲ್ಲಿಯೂ ಧಣಿಗಳು ಕಣ್ಣು ಒರೆಸಿಕೊಂಡರು. ಒಪ್ಪಿದವರು ಕೈ ಎತ್ತಿ ಎನ್ನುವ ಮೊದಲೇ ಅಟ್ಟಣಿಗೆಯ ಕೈಗಳೆಲ್ಲ ಎದ್ದಿದ್ದವು.

ಕೆಂಡ ತನ್ನಿ ಎಂದು ಕೆಳಗಿನಿಂದ ಕೂಗಿದರು. ಯಾರ ಕೈಗೂ ಬಿಡುವಿರಲಿಲ್ಲ.