ಹಿಂದೆ ಬಿದ್ದ ಕಾರು

ಚನ್ನರಾಯಪಟ್ಟಣದ ದೇವರಾಜ್‌ನನ್ನು ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು. ಅವನು ಡಾಕ್ಟರಲ್ಲ. ಬೆದೆಗೆ ಬಂದ ಹಸುಗಳಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಹಾಕುವ ಕೆಲಸ ಅವನದು. ಬೈಕಿನ ಹಿಂದೆ ಔಷಧಿಯ ಕ್ಯಾನು ಕಟ್ಟಿಕೊಂಡು ದಿನಕ್ಕೆ ಎಂಬತ್ತು, ತೊಂಬತ್ತು ಕಿಲೋಮೀಟರ್ ಸುತ್ತುತ್ತಿದ್ದ. ಜನ ಡಾಕ್ಟ್ರು ಎಂದಾಗ ಮೊದಮೊದಲು ಬೇಡ ಎನ್ನುತ್ತಿದ್ದ. ಆಮೇಲೆ ಸುಮ್ಮನಾದ. ಅದಾದ ಮೇಲೆ ಯಾರಾದರೂ ಬರೀ ಹೆಸರು ಹಿಡಿದು ಕೂಗಿದರೆ ಮುಖ ಒಂದು ಥರ ಮಾಡತೊಡಗಿದ. ಮರ್ಯಾದೆ ಅನ್ನುವುದು ಅಂಥ ಪದಾರ್ಥ.

ಇಷ್ಟು ಸಾಲದು ಎಂಬಂತೆ ಇನ್ನೊಂದು ಕಾರಣಕ್ಕೂ ಅವನಿಗೆ ಹೆಸರು ಬಂತು. ಹೋದ ವರ್ಷ ಹಾಸನದ ಕಡೆಗೆ ಹೋಗುವಾಗ ಒಂದು ಕಾರು ಎರಡು ಮೈಲಿ ಅವನ ಬೆನ್ನಿಗೇ ಅಂಟಿಕೊಂಡು ಬಂದಿತ್ತು. ಹಾರ್ನ್ ಮೇಲೆ ಹಾರ್ನ್. ದೇವರಾಜ್ ಎಡಕ್ಕೆ ಸರಿದು ದಾರಿ ಬಿಟ್ಟುಕೊಟ್ಟ. ಶಾಂತಿಗ್ರಾಮದ ಹೋಟೆಲಿನ ಮುಂದೆ ಅದೇ ಕಾರು ನಿಂತಿತ್ತು. ಇವನು ಇಳಿದು ಹೋಗಿ, ಇಡ್ಲಿ ತಿನ್ನುತ್ತಿದ್ದ ಡ್ರೈವರನ್ನು ತಣ್ಣಗೆ ಕೇಳಿದ: "ಏನಪ್ಪಾ, ನಾನು ಬಿದ್ದೋಗಿದ್ರೆ ನೀನು ಈ ಇಡ್ಲಿ ತಿಂತಿದ್ದಾ?" ಆ ಹುಡುಗ ಎಂಜಲು ಕೈಯಲ್ಲೇ ಕೈಮುಗಿದ. ಯಾರೋ ಮೊಬೈಲಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟರು. ಹಳ್ಳಿಹಳ್ಳಿಯಲ್ಲೂ ಅದನ್ನು ನೋಡಿದರು.

ಆಮೇಲೆ ಒಂದು ಹಳ್ಳಿಯ ಹಾಲಿನ ಸೊಸೈಟಿಯವರು ಕರೆದು ಶಾಲು ಹೊದೆಸಿ, ನಾಲ್ಕು ಮಾತು ಹೇಳಿಸಿದರು. ದೇವರಾಜ್ ಚೆನ್ನಾಗಿಯೇ ಹೇಳಿದ. "ಹಿಂದೆ ಬಿದ್ದೋನ ಮೇಲೆ ಹಟ ಮಾಡ್ಬೇಡಿ. ಸ್ಪೀಡ್ ಏರಿಸ್ಬೇಡಿ. ಬ್ರೇಕನ್ನ ಮೆಲ್ಲಗೆ ಮೂರು ಸಲ ಮುಟ್ಟಿ, ಹಿಂದಿನ ಕೆಂಪು ಲೈಟು ಮಿಣುಕ್ಲಿ. ಕೈ ತೋರಿಸಿ ಎಡಕ್ಕೆ ಬಂದ್ಬುಡಿ. ಹೋಗೋನು ಹೋಗ್ಲಿ, ನಾವು ಮನೆ ಸೇರಾಣ." ಮುಂದಿನ ಸಾಲಿನಲ್ಲಿ ಕೂತಿದ್ದ ಪಂಚಾಕ್ಷರಯ್ಯ ಎಂಬ ಅರವತ್ತೆಂಟರ ಯಜಮಾನರು ಎದ್ದು ನಿಂತು, "ಮೂರೇ ಸಲವಾ? ನಾಕಾದ್ರೆ?" ಎಂದು ಕೇಳಿದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕೇಳಿದ್ದನ್ನು ಸರಿಯಾಗಿ ತಿಳಿದುಕೊಳ್ಳುವ ಜಾಯಮಾನ ಅವರದು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ದೇವರಾಜ್‌ಗೆ ಆ ಬಚ್ಚಲು ಸಿಕ್ಕಿದ್ದು ಒಂದು ಭಾನುವಾರ, ಹೊಳೆನರಸೀಪುರದ ರಸ್ತೆಯಲ್ಲಿ. ಹೆಂಡತಿ ಸ್ನೇಹಲತಾಳ ಚಿಕ್ಕಪ್ಪನ ಮಗಳ ಮದುವೆ ಇತ್ತು. ಮುಹೂರ್ತ ಒಂಬತ್ತೂವರೆಗೆ. ಭಾಮೈದ ತನ್ನ ಬಿಳಿ ಕಾರನ್ನು ಕೊಟ್ಟಿದ್ದ. ಬೆಳಗ್ಗೆ ಒಂದು ಹಸು ನೋಡಿ, ಸ್ನಾನ ಮಾಡಿ ಹೊರಡುವಷ್ಟರಲ್ಲಿ ಎಂಟೂ ಮುಕ್ಕಾಲು.

"ನಿಧಾನಕ್ಕೇ ಹೋಗಾಣ ಬಿಡಿ. ಧಾರೆ ಮುಗ್ದು ಊಟನೂ ಆಗಿರ್ತದೆ. ಎಲೆ ಎತ್ತಾಕೆ ಜನ ಬೇಕಲ್ಲ," ಎಂದಳು ಸ್ನೇಹಲತಾ.

ಬೈಕಿನ ಮೇಲೆ ಕೂತವನಿಗೆ ಗುಂಡಿಯ ಭಯ, ನಾಯಿಯ ಭಯ, ಮರಳಿನ ಭಯ. ಕಾರಿನ ಗಾಜು ಏರಿಸಿ ಎ.ಸಿ. ಹಾಕಿದ ಮೇಲೆ ಭಯವೆಲ್ಲ ಹೊರಗಿನವರ ಪಾಲು. ಹತ್ತು ಮೈಲಿ ಹೋಗುವಷ್ಟರಲ್ಲಿ ದೇವರಾಜ್ ಪೂರ್ತಿ ಕಾರಿನವನಾಗಿಬಿಟ್ಟಿದ್ದ. ಮುಂದೆ ಒಂದು ಹಳೆಯ ಹೀರೋ ಹೊಂಡಾ ಮೂವತ್ತೈದರ ಸ್ಪೀಡಿನಲ್ಲಿ ಹೋಗುತ್ತಿತ್ತು. ಓಡಿಸುತ್ತಿದ್ದವನ ತಲೆಗೆ ಹೆಲ್ಮೆಟ್ಟು, ಹಿಂದೆ ಒಬ್ಬ ಹೆಂಗಸು ಒಂದೇ ಕಡೆ ಕಾಲು ಹಾಕಿ ಕೂತಿದ್ದಳು. ರಸ್ತೆ ಕಿರಿದು. ಎದುರುಗಡೆಯಿಂದ ತೆಂಗಿನಕಾಯಿ ಲಾರಿ, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಟ್ರ್ಯಾಕ್ಟರ್. ದಾಟಲು ಜಾಗವೇ ಇಲ್ಲ. ದೇವರಾಜ್ ಹಾರ್ನ್ ಒತ್ತಿದ. ಇನ್ನೂ ಹತ್ತಿರ ಹೋಗಿ ಒತ್ತಿದ. ಬೈಕಿನ ಹಿಂದಿನ ಚಕ್ರಕ್ಕೂ ಕಾರಿನ ಮೂತಿಗೂ ನಡುವೆ ಒಂದು ಮಾರು ಇತ್ತೋ ಇಲ್ಲವೋ.

ಆಗ ಬೈಕಿನ ಕೆಂಪು ಲೈಟು ಮಿಣುಕಿತು. ಒಂದು ಸಲ. ಇನ್ನೊಂದು ಸಲ. ಮತ್ತೊಂದು ಸಲ. ಅಷ್ಟಕ್ಕೇ ನಿಂತಿತು.

ಅದು ತಾನೇ ಹೇಳಿಕೊಟ್ಟ ಪಾಠ ಎಂದು ದೇವರಾಜ್‌ಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದ ಮೇಲೂ ಅವನು ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಪಾಪ, ಅವಸರದಲ್ಲಿದ್ದ, ತಿಳಿಯದೆ ಮಾಡಿದ ಎಂದು ಅವನ ಪರ ವಹಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ತಿಳಿದೇ ಮಾಡಿದ.

ಬೈಕಿನವನು ಕೈ ಹೊರಗೆ ಚಾಚಿ, ಹೋಗಿ ಹೋಗಿ ಎಂದು ಬೀಸಿ, ಎಡಕ್ಕೆ ಸರಿದ. ನೀರಿನ ಪೈಪಿಗೆ ಅಗೆದು ಮುಚ್ಚಿದ್ದ ಕಡೆ ಡಾಂಬರಿನ ಅಂಚು ಅರ್ಧ ಅಡಿ ಕುಸಿದಿತ್ತು. ಚಕ್ರ ಕೆಳಗಿಳಿಯಿತು. ಟ್ರ್ಯಾಕ್ಟರ್ ದಾಟಿದ್ದೇ ತಡ ದೇವರಾಜ್ ನುಗ್ಗಿ ಮುಂದೆ ಹೋದ. ಕನ್ನಡಿಯಲ್ಲಿ ಬೈಕು ಅಡ್ಡ ಬಿದ್ದದ್ದು, ಹಸಿರು ಸೀರೆ ನೆಲಕ್ಕೆ ಹರಡಿದ್ದು ಕಾಣಿಸಿತು.

"ರೀ, ಬಿದ್ದೋದ್ರು! ನಿಲ್ಸಿ!"

"ಎದ್ರು, ಎದ್ರು. ಏನೂ ಆಗಿಲ್ಲ," ಎಂದ ದೇವರಾಜ್. ಯಾರೂ ಎದ್ದಿರಲಿಲ್ಲ.

ಮದುವೆ ಮನೆಯಲ್ಲಿ ಅವನಿಗೆ ಊಟ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಸುಳ್ಳಾಗುತ್ತದೆ. ಎರಡು ಒಬ್ಬಟ್ಟು ತಿಂದ. ತುಪ್ಪ ಹಾಕಿಸಿಕೊಂಡ. ವಾಪಸು ಬರುವಾಗ ಮಾತ್ರ ಆ ರಸ್ತೆ ಬಿಟ್ಟು ಹಾಸನದ ಮೇಲೆ ಸುತ್ತು ಹಾಕಿಕೊಂಡು ಬಂದ.

ಗುರುವಾರ ಸಂಜೆ ಪಂಚಾಕ್ಷರಯ್ಯ ಅವನ ಮನೆಗೆ ಬಂದರು. ಬಸ್ಸಿನಲ್ಲಿ ಬಂದಿದ್ದರು. ಮೊಣಕೈ ತರಚಿ ಕಪ್ಪಗೆ ಹೆಪ್ಪುಗಟ್ಟಿತ್ತು. ಅದನ್ನು ನೋಡಿದ ಕೂಡಲೇ ಭಾನುವಾರ ಆ ಹೆಲ್ಮೆಟ್ಟಿನೊಳಗೆ ಇದ್ದವರು ಯಾರು ಎಂದು ದೇವರಾಜ್‌ಗೆ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇವನಿಗೆ ಕೈ ಎತ್ತುವುದಕ್ಕೂ ಆಗಲಿಲ್ಲ.

"ಡಾಕ್ಟ್ರೇ, ದೂರು ಏಳಾಕೆ ಬಂದಿಲ್ಲ ಕಣಪ್ಪ," ಎಂದು ಶುರು ಮಾಡಿದರು ಯಜಮಾನರು. "ಯಾವನೋ ಕಾರಿನೋನು, ಅವನ ಪಾಪ ಅವನಿಗೆ. ನಂಬರ್ರೂ ನೋಡ್ಲಿಲ್ಲ. ಆದ್ರೆ ನಂಗೊಂದು ತಿಳೀಬೇಕು. ನೀವು ಏಳ್ಕೊಟ್ಟಂಗೇ ಮಾಡ್ದೆ. ಮೂರು ಸಲ ಲೈಟು ಮಿಣುಕಿಸ್ದೆ, ಕೈ ತೋರಿಸ್ದೆ, ಎಡಕ್ಕೆ ಬಂದೆ. ಆದ್ರೂ ಬಿದ್ದೆ. ಎಲ್ಲಿ ತಪ್ಪು ಮಾಡ್ದೆ?"

ಹೆಂಡತಿ ಬಸವಲಿಂಗಮ್ಮನ ಮುಂಗೈ ಮೂಳೆ ಮುರಿದಿತ್ತು. ಮನೆಯಲ್ಲಿ ಯಜಮಾನರು ತಲೆ ಎತ್ತುವ ಹಾಗಿರಲಿಲ್ಲ. "ಅರಕಲಗೂಡಿಗೆ ಕೊಟ್ಟಿರೋ ಮಗಳು ತೇಜಶ್ರೀ ದಿನಾ ಫೋನ್ ಮಾಡಿ, ಅವ್ವನ ಕೈ ಮುರುದ್ಬುಟ್ಟೆ ಅಂತ ಬೈತಾಳೆ. ನಲವತ್ತು ವರ್ಸ ಗಾಡಿ ಓಡಿಸಿವ್ನಿ, ಒಂದು ಕೋಳೀನೂ ಸಾಯಿಸಿಲ್ಲ. ಮಗ ರಜನೀಶ ಕೀ ಎತ್ತಿಟ್ಕಂಡವ್ನೆ. ನಿನಗೆ ಕೈ ಹಿಡಿತ ಇಲ್ಲ, ಗಾಡಿ ಮಾರ್ತೀನಿ ಅಂತಾನೆ. ಡಾಕ್ಟ್ರನ್ನೇ ಕೇಳಾಣ, ನಂದು ತಪ್ಪಿಲ್ಲ ಅಂದ್ರೆ ಕೀ ಕೊಡು ಅಂದೆ. ಊಂ ಅಂದವ್ನೆ. ನೀವು ಏಳಿದ್ದೇ ಕೊನೆ."

ತಪ್ಪು ನಿಮ್ಮದಲ್ಲ ಎಂಬ ಒಂದೇ ಮಾತು ಸಾಕಿತ್ತು. ಆದರೆ ಆ ಮಾತು ಹೇಳಿದರೆ, ಹಾಗಾದರೆ ಯಾರದು ಎಂಬ ಮಾತು ಬರುತ್ತದೆ. ಬಿಳಿ ಕಾರು, ಭಾನುವಾರ, ಒಂಬತ್ತು ಗಂಟೆ ಎಂದು ಎಳೆ ಹಿಡಿದುಕೊಂಡು ಬಂದರೆ ಅದು ತನ್ನ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ದೇವರಾಜ್ ಗಂಟಲು ಸರಿಮಾಡಿಕೊಂಡ.

"ಇನ್ನೊಂಚೂರು ಮುಂಚೆನೇ ಕೆಳಗೆ ಇಳಿಸ್ಬೇಕಿತ್ತು ಯಜಮಾನ್ರೇ. ವಯಸ್ಸಾದ್ಮೇಲೆ ಹ್ಯಾಂಡಲ್ ಹಿಡಿತ ಸಡಿಲ ಆಯ್ತದೆ. ಇನ್ನು ಗಾಡಿ ಬ್ಯಾಡ ಬಿಡಿ."

ಪಂಚಾಕ್ಷರಯ್ಯ ತಮ್ಮ ಎರಡು ಅಂಗೈಗಳನ್ನೂ ನೋಡಿಕೊಂಡರು. "ಅಂಗಾರೆ ನಂದೇ ತಪ್ಪು," ಎಂದರು. ಸ್ನೇಹಲತಾ ತಂದಿಟ್ಟ ಕಾಫಿಯನ್ನು ಮರ್ಯಾದೆಗೆ ಒಂದು ಗುಟುಕು ಕುಡಿದು, ಆರು ಗಂಟೆಯ ಬಸ್ಸಿದೆ ಎಂದು ಎದ್ದು ಹೋದರು.

ಯಜಮಾನರು ಗೇಟು ದಾಟಿದರು. ಸ್ನೇಹಲತಾ ಲೋಟ ಎತ್ತಿಕೊಳ್ಳುತ್ತ, "ಭಾನ್ವಾರ ಬಿದ್ದೋರನ್ನ ಬಿಟ್ ಬಂದ್ರಿ. ಇವತ್ತು ಎದ್ದು ಬಂದೋರನ್ನ ಇನ್ನೊಂದ್ಸಲ ಬೀಳ್ಸಿದ್ರಿ," ಎಂದಳು. ದೇವರಾಜ್ ಟಿ.ವಿ. ಹಾಕಿದ. ಅವಳು ಬಂದು ಟಿ.ವಿ. ಆರಿಸಿ ಒಳಗೆ ಹೋದಳು.

ನಾಚಿಕೆ ಎನ್ನುವುದು ಒಬ್ಬಟ್ಟು ತಿನ್ನುವಾಗ ಬರದೆ ಇದ್ದದ್ದು ಈಗ ಬಂತು. ಬೈಕಿನಲ್ಲಿ ಹೋಗುವಾಗ ಯಾವ ಕಾರು ಹಿಂದೆ ಬಂದರೂ ಅವನ ಕಾಲು ಬ್ರೇಕಿನ ಮೇಲೆ ಹೋಗಿ, ಹಾಗೇ ನಿಲ್ಲುತ್ತಿತ್ತು. ಮೂರು ಸಲ ಮುಟ್ಟಲು ಯೋಗ್ಯತೆ ಬೇಡವೇ? ಜನ ಡಾಕ್ಟ್ರೇ ಎಂದು ಕೂಗಿದರೆ ಯಾರೋ ಹಿಂದಿನಿಂದ ಹೊಡೆದಂತಾಗುತ್ತಿತ್ತು. ಹೇಳಿಬಿಡಬೇಕು ಎಂದು ಬೆಳಗ್ಗೆ ಅನ್ನಿಸುವುದು, ಸಂಜೆಗೆ ನಾಳೆ ನೋಡೋಣ ಅನ್ನಿಸುವುದು. ಹೀಗೆ ಒಂದು ವಾರವಾಯಿತು.

ಎಂಟನೆಯ ದಿನ ಬೆಳಗ್ಗೆ ರಜನೀಶನ ಫೋನು. "ಡಾಕ್ಟ್ರೇ, ನಮ್ಮ ಹಸ ರಾತ್ರಿಯಿಂದ ಕೂಗ್ತಾ ಐತೆ. ಬೆದೆಗೆ ಬಂದೈತೆ. ಬೇಗ ಬನ್ನಿ." ಬೇರೆ ಯಾವ ಕರೆಯಾದರೂ ತಪ್ಪಿಸಿಕೊಳ್ಳಬಹುದಿತ್ತು. ಬೆದೆ ಕಾಯುವುದಿಲ್ಲ. ದೇವರಾಜ್ ಕ್ಯಾನು ಕಟ್ಟಿಕೊಂಡು ಹೊರಟ.

ದಾರಿಯಲ್ಲಿ ಪಂಚಾಕ್ಷರಯ್ಯ ಸಿಕ್ಕಿದರು. ಸೊಸೈಟಿಗೆ ಹಾಲು ಹಾಕಿ, ಖಾಲಿ ಕ್ಯಾನು ಕೈಯಲ್ಲಿ ಹಿಡಿದು, ನಡೆದೇ ಮನೆಗೆ ಹಿಂದಿರುಗುತ್ತಿದ್ದರು. "ಹತ್ತಿ ಯಜಮಾನ್ರೇ," ಎಂದ. "ಬ್ಯಾಡ ಕಣಪ್ಪ, ನೀವು ನಡೀರಿ. ಹಿಂದೆ ಕೂರಾಕೆ ನಂಗೆ ಭಯ ಆಯ್ತದೆ," ಎಂದರು. ಭಯ ಅವರಿಗೆ ಹೊಸದು. ಅದನ್ನು ಅವರು ಹೇಳಿದ ರೀತಿಯಿಂದಲೇ ತಿಳಿಯುತ್ತಿತ್ತು.

ಕೊಟ್ಟಿಗೆಯಲ್ಲಿ ರಜನೀಶ ಹಸುವಿನ ಕೊಂಬು ಹಿಡಿದ. ಅಷ್ಟರಲ್ಲಿ ಬಂದು ಮುಟ್ಟಿದ ಯಜಮಾನರು ಬಾಲ ಹಿಡಿದರು. ದೇವರಾಜ್ ಎಡಗೈಗೆ ಭುಜದ ತನಕ ಗ್ಲೌಸು ಏರಿಸಿ ಕೆಲಸ ಮುಗಿಸಿದ. ಕೈ ಹೊರಗೆ ತೆಗೆಯುವಷ್ಟರಲ್ಲಿ ಬಸವಲಿಂಗಮ್ಮ ಬಂದರು. ಬಲಗೈ ಪ್ಲಾಸ್ಟರಿನಲ್ಲಿ ಕುತ್ತಿಗೆಯಿಂದ ತೂಗುತ್ತಿತ್ತು. ಎಡಗೈಯಲ್ಲಿ ಕಾಫಿ ಲೋಟ ಹಿಡಿದು, ಅದು ತುಳುಕದ ಹಾಗೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದರು. "ಎಡಗೈಲಿ ಕೊಡ್ತಾ ಇವ್ನಿ, ಬೇಜಾರು ಮಾಡ್ಕಬ್ಯಾಡಿ ಡಾಕ್ಟ್ರೇ."

ಆ ಲೋಟ ತೆಗೆದುಕೊಳ್ಳಲು ಅವನಿಂದ ಆಗಲಿಲ್ಲ. ಸಗಣಿ ಮೆತ್ತಿದ ಗ್ಲೌಸನ್ನು ಹಾಗೇ ನೇತುಬಿಟ್ಟುಕೊಂಡು ನಿಂತ.

"ಅಮ್ಮಾ, ಆ ಕಾರು ಓಡಿಸ್ತಿದ್ದೋನು ನಾನೇ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಭಾನುವಾರ, ಭಾಮೈದನ ಕಾರು, ಮದುವೆ, ಎಲ್ಲ ಹೇಳಿದ. ಬಿದ್ದದ್ದು ಕನ್ನಡಿಯಲ್ಲಿ ಕಾಣಿಸಿತು ಎನ್ನುವುದನ್ನೂ ಹೇಳಿದ.

ಬಸವಲಿಂಗಮ್ಮ ಲೋಟವನ್ನು ಕೊಟ್ಟಿಗೆಯ ಮೋಟುಗೋಡೆಯ ಮೇಲಿಟ್ಟರು. "ನಾನು ಮಣ್ಣಲ್ಲಿ ಬಿದ್ಕಂಡು ಆ ಕಾರನ್ನೇ ನೋಡ್ತಿದ್ದೆ ಕಣಪ್ಪ. ಈಗ ನಿಂತ್ಕತ್ತದೆ, ಈಗ ನಿಂತ್ಕತ್ತದೆ ಅಂತ. ಒಂದ್ಸಲಾನೂ ಬ್ರೇಕ್ ಲೈಟು ಉರೀಲಿಲ್ಲ. ನಾವೇನು ನಾಯಿಗಳಾ? ಥೂ!"

ರಜನೀಶ ಕೊಂಬು ಬಿಟ್ಟು, "ಮತ್ತೆ ನಮ್ಮಪ್ಪಂಗೆ ಕೈ ಹಿಡಿತ ಇಲ್ಲ ಅಂದ್ರಲ್ರೀ!" ಎಂದು ಮುಂದೆ ನುಗ್ಗಿ ಬಂದ. ದೇವರಾಜ್ ಕದಲಲಿಲ್ಲ. ಎರಡು ಏಟು ಬಿದ್ದರೆ ಹಗುರಾಗುತ್ತದೆ ಎಂದು ಅವನಿಗೆ ಆಸೆಯೇ ಇತ್ತು. ಆದರೆ ಪಂಚಾಕ್ಷರಯ್ಯ ಅಡ್ಡ ಕೈ ಚಾಚಿ ಮಗನನ್ನು ತಡೆದರು. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ಲೈಟು ಮಿಣುಕಿದ್ದು ಕಾಣುಸ್ತಾ?"

"ಕಾಣುಸ್ತು ಯಜಮಾನ್ರೇ."

"ಮೂರು ಸಲ?"

"ಮೂರು ಸಲ."

"ಕೈ ತೋರಿಸಿದ್ದು?"

"ಅದೂ ಕಾಣುಸ್ತು. ನೀವು ಎಲ್ಲಾ ಸರಿಯಾಗೇ ಮಾಡಿದ್ರಿ. ನಾನೇ ನುಗ್ಗಿದ್ದು."

"ಕೇಳ್ದೇನ್ಲಾ?" ಎಂದು ಯಜಮಾನರು ಮಗನ ಕಡೆ ತಿರುಗಿದರು. "ಕೇಳ್ದೇನೇ?" ಎಂದು ಹೆಂಡತಿಯ ಕಡೆ ತಿರುಗಿದರು. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಮುಖ ಅರಳಿತ್ತು. ತನ್ನನ್ನು ಬೀಳಿಸಿದವನು ಎದುರಿಗೇ ನಿಂತಿದ್ದಾನೆ ಎನ್ನುವುದು ಅವರಿಗೆ ಮರೆತೇ ಹೋದಂತಿತ್ತು. ಬೈಗುಳಕ್ಕೂ ಏಟಿಗೂ ಸಿದ್ಧವಾಗಿ ನಿಂತಿದ್ದ ದೇವರಾಜ್‌ಗೆ ಆ ಸಂತೋಷವನ್ನು ನೋಡಲಾಗಲಿಲ್ಲ. ಎಂಟು ದಿನ ಅದನ್ನು ತಾನು ಕಿಸೆಯಲ್ಲಿಟ್ಟುಕೊಂಡು ತಿರುಗಿದ್ದೆನಲ್ಲ ಎನ್ನಿಸಿತು.

"ಲೇ ರಜನೀಶ, ತೇಜೂಗೆ ಫೋನ್ ಹಾಕು. ಡಾಕ್ಟ್ರು ಅವರ ಬಾಯಲ್ಲೇ ಏಳ್ಲಿ."

ರಜನೀಶ ನಂಬರು ಒತ್ತಿದ. ದೇವರಾಜ್‌ನ ಕೈಗಳೆರಡೂ ಹೊಲಸಾಗಿದ್ದರಿಂದ ಫೋನನ್ನು ಯಜಮಾನರೇ ಅವನ ಕಿವಿಗೆ ಹಿಡಿದರು. "ಹಲೋ ಡಾಕ್ಟ್ರೇ, ಚೆನ್ನಾಗಿದೀರಾ?" ಎಂದಿತು ಆ ಕಡೆಯ ದನಿ. "ನೀವಾದ್ರೂ ಅಪ್ಪಂಗೆ ಸ್ವಲ್ಪ ಬುದ್ಧಿ ಹೇಳಿ ಸಾ." ಅವನು ಹೇಳಿದ. ಮೊದಲ ಸಲ ಬಾಯಿಂದ ಹೇಗೋ ಬಿದ್ದುಹೋಗಿದ್ದ ಮಾತನ್ನು ಎರಡನೆಯ ಸಲ ಒಂದೊಂದಾಗಿ ಜೋಡಿಸಬೇಕಾಯಿತು. ಕೇಳಿ ಮುಗಿದದ್ದೇ ತೇಜಶ್ರೀ ಫೋನು ಕಟ್ ಮಾಡಿದಳು.

"ಆಯ್ತಾ?" ಎಂದರು ಪಂಚಾಕ್ಷರಯ್ಯ. "ಇನ್ನ ನಮ್ಮ ಬೀಗರಿಗೊಂದು. ನಿಮಗೆ ಈ ವಯಸ್ಸಲ್ಲಿ ಗಾಡಿ ಯಾಕ್ ಬೇಕಿತ್ತು ಅಂತ ಎಲ್ಲರ ಮುಂದೆ ಅಂದವ್ರೆ." ಅವರ ದನಿಯಲ್ಲಿ ಕಿಂಚಿತ್ತೂ ಕೊಂಕಿರಲಿಲ್ಲ. ರಜನೀಶ ನಂಬರು ಒತ್ತಿ ಕೊಟ್ಟ. ಗಂಟೆ ಹೋಗುತ್ತಿರುವಾಗ ಯಜಮಾನರು ಫೋನನ್ನು ಅವನ ಕಿವಿಗೆ ಇನ್ನಷ್ಟು ಹತ್ತಿರ ಒತ್ತಿ ಹಿಡಿದರು.

"ಒಸಿ ಜೋರಾಗಿ ಏಳ್ಬೇಕು ಕಣಪ್ಪ. ಅವರಿಗೆ ಕಿವಿ ಮಂದ."

ದೇವರಾಜ್ ಜೋರಾಗಿ ಹೇಳಿದ. ಕೇಳಿಸಲಿಲ್ಲ ಎಂದರು. ಇನ್ನೂ ಜೋರಾಗಿ ಹೇಳಿದ. ಪಕ್ಕದ ಮನೆಯ ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ ಈ ಕಡೆ ನೋಡಿದಳು.