ಇಳಿಜಾರಿನ ಮೇಲೆ ಅಂಗೈಗಳು

ಮುಂದಿನ ಪುಟ್ಟ ಗಾಲಿ ಸಿಮೆಂಟಿನಲ್ಲಿ ಒತ್ತಿದ್ದ ಅಂಗೈಯ ಗುಳಿಗೆ ಬಿದ್ದು ಅಡ್ಡ ತಿರುಗಿತು. ಟೈಲರಕ್ಕ ದೊಡ್ಡ ಗಾಲಿಗಳನ್ನು ಬಿಗಿಹಿಡಿಯದಿದ್ದರೆ ಗಾಲಿಕುರ್ಚಿಯ ಸಮೇತ ಮುಗ್ಗರಿಸುತ್ತಿದ್ದಳು. ಕೆಳಗೆ ಕ್ಯಾಮೆರಾ ಹಿಡಿದು ನಿಂತಿದ್ದ ಹೊರದೇಶದ ಹುಡುಗ ಹುಡುಗಿಯರ ಚಪ್ಪಾಳೆ ಅರ್ಧಕ್ಕೇ ನಿಂತಿತು.

ಕಾಲಿಲ್ಲದ ಹೆಂಗಸರ ಈ ಆಶ್ರಮಕ್ಕೆ ಇಳಿಜಾರು ಕಟ್ಟಿಕೊಡಲೆಂದೇ ಅವರು ಸಮುದ್ರ ದಾಟಿ ಬಂದಿದ್ದರು. ಕಟ್ಟಿದ್ದೇನೋ ಗಟ್ಟಿಯಾಗಿಯೇ ಇತ್ತು. ಆದರೆ ಹೋದಲ್ಲೆಲ್ಲ ಗುರುತು ಬಿಟ್ಟು ಬರುವುದು ಅವರ ಪದ್ಧತಿಯಂತೆ. ಹಸಿ ಸಿಮೆಂಟಿನ ಉದ್ದಕ್ಕೂ ಒಬ್ಬೊಬ್ಬರೂ ಆಳವಾಗಿ ಅಂಗೈ ಒತ್ತಿ, ನಗುತ್ತ ಕೈ ತೊಳೆದುಕೊಂಡಿದ್ದರು. ಅದರ ಮೇಲೆ ಉರುಳಬೇಕಾದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಮಲಗುವ ಕೋಣೆ ಮೇಲೆ, ಹೊಲಿಗೆ ಕೋಣೆ ಕೆಳಗೆ. ತೆವಳಿದರೆ ಆಶ್ರಮದ ಮಾನ ಹೋಗುತ್ತದೆಂದು ಮೇಲ್ವಿಚಾರಕಿಯ ಕಟ್ಟಪ್ಪಣೆ. ಹಾಗಾಗಿ ದಿನಾ ಎತ್ತಿ ಇಳಿಸಲು ಒಬ್ಬ ಆಳು. ಅವನನ್ನು ಎಲ್ಲರೂ ಕ್ರೇನು ಎನ್ನುತ್ತಿದ್ದರು. ಎತ್ತುವಾಗ ಅವನ ಬೆರಳು ಎಲ್ಲೆಲ್ಲಿ ದಾರಿ ತಪ್ಪುತ್ತದೆಂಬುದು ಅಲ್ಲಿನ ಹೆಂಗಸರಿಗೆಲ್ಲ ಗೊತ್ತು. ದೂರು ಹೇಳಿದಾಗ ಮೇಲ್ವಿಚಾರಕಿ, "ಮುಟ್ಟದೆ ಎತ್ತೋಕೆ ಅವನೇನು ಮಂತ್ರವಾದೀನಾ?" ಎಂದು ನಕ್ಕಿದ್ದಳು. ಇಳಿಜಾರು ಮುಗಿಯಲೆಂದು ಟೈಲರಕ್ಕ ಹಲ್ಲು ಕಚ್ಚಿ ಕಾದಿದ್ದಳು.

ಕ್ರೇನು ಹಿಂದಿನಿಂದ ಬಂದ. ಅವನ ಬಿಸಿಯುಸಿರು ಅವಳ ಕುತ್ತಿಗೆಗೆ ತಾಗಿತು.

"ಕೈ ಕೊಡು ಟೈಲರಕ್ಕ. ಯಾರು ಏನು ಕಟ್ಟಿದ್ರೂ ನಿನಗೆ ನಾನೇ ಗತಿ."

"ಮುಟ್ಟಿ ನೋಡು. ಕತ್ತರಿ ಮಡಿಲಲ್ಲೇ ಇದೆ."

ಮೇಲ್ವಿಚಾರಕಿ ನಗುಮುಖ ಕೆಡಿಸದೆಯೇ ಪಿಸುಗುಟ್ಟಿದಳು: ಬಂದವರು ನಾಳೆ ಹೊರಡುತ್ತಾರೆ, ಅಲ್ಲಿಯವರೆಗೆ ಎತ್ತಿಸಿಕೊಂಡರೆ ಗಂಟೇನು ಹೋಗುತ್ತದೆ? ಆಮೇಲೆ ಅತಿಥಿಗಳತ್ತ ತಿರುಗಿ ಅವರ ಭಾಷೆಯಲ್ಲಿ ಅದೇನು ಹೇಳಿದಳೋ, ಉದ್ದನೆಯ ಹುಡುಗಿಯೊಬ್ಬಳು ಎದೆಗೆ ಕೈಯಿಟ್ಟು ಕಣ್ಣೊರೆಸಿಕೊಂಡಳು.

ಟೈಲರಕ್ಕ ಬ್ರೇಕು ಹಾಕಿ ಕುರ್ಚಿಯಿಂದ ನೆಲಕ್ಕೆ ಜಾರಿದಳು. ಪಕ್ಕದ ಗೋಡೆಗೆ ಗಾರೆ ಮೆತ್ತುತ್ತಿದ್ದ ಮೇಸ್ತ್ರಿಗೆ ಹೇಳಿದಳು: "ಅಣ್ಣಾ, ಆ ಗಾರೆ ಬಾಂಡ್ಲಿ ಇತ್ತ ತಳ್ಳಿ. ಕರಣೇನೂ ಕೊಡಿ."

ಮೇಸ್ತ್ರಿ ಮೇಲ್ವಿಚಾರಕಿಯ ಮುಖ ನೋಡಿದ. ನೋಡಿ, ತಳ್ಳಿದ.

ಗುಳಿಗೆ ನೀರು ಚಿಮುಕಿಸುವುದು, ಗಾರೆ ತುಂಬುವುದು, ಕರಣೆಯಿಂದ ಸವರುವುದು, ಇನ್ನೊಂದಿಷ್ಟು ಕೆಳಕ್ಕೆ ತೆವಳುವುದು. ಬೆರಳು ಬೆರಳಾಗಿ ಕೈಗಳು ಮುಚ್ಚಿಹೋದವು. ಕ್ಯಾಮೆರಾಗಳು ಒಂದೊಂದಾಗಿ ಕೆಳಗಿಳಿದವು. ಕೊನೆಯ ಅಂಗೈಯಲ್ಲಿ ಉಂಗುರದ ಗುರುತೂ ಇತ್ತು. ಉದ್ದನೆಯ ಹುಡುಗಿ ಓಡಿಬಂದು ಅದನ್ನು ಎರಡೂ ಕೈಯಿಂದ ಮರೆಮಾಡಿ ಕುಳಿತಳು.

"ನಿನ್ನ ಕೈ ನಿನ್ನ ಹತ್ರಾನೇ ಇರಲಿ ತಾಯಿ," ಎಂದಳು ಟೈಲರಕ್ಕ. "ಏಳು."

ಮಾತು ಅರ್ಥವಾಗದಿದ್ದರೂ ಹುಡುಗಿ ಎದ್ದಳು. ಕರಣೆ ಒಮ್ಮೆ ಆಡಿತು.

ಸ್ವಲ್ಪ ಹೊತ್ತಿಗೆ ಕೆಳಗಿನ ಕೋಣೆಯಿಂದ ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ಬಿಸಿಲಿಗೆ ಹಸಿ ಗಾರೆ ಹೊಳೆಯುತ್ತಿತ್ತು. ಮೇಲ್ತುದಿಯಲ್ಲಿ ಕ್ರೇನು ಖಾಲಿ ಕುರ್ಚಿಯ ಹಿಡಿ ಹಿಡಿದು ನಿಂತೇ ಇದ್ದ.